ಬಾಸ್ಟನ್‌ಗೆ ಹೋದ ಚಿತ್ರಗಳು, ಕಾಶಿಯಲ್ಲಿ ಉಳಿದ ಚಿತ್ರಗಳು

ಕಾಶಿಗೆ ಹೋಗುವ ನಮ್ಮ ಕಡೆಯವರ ಪಟ್ಟಿ ಹೆಚ್ಚುಕಡಿಮೆ ಒಂದೇ. ವಿಶ್ವನಾಥ, ಅನ್ನಪೂರ್ಣೆ, ಗಂಗಾ ಆರತಿ, ಜಂಗಮವಾಡಿ ಮಠ, ಆಮೇಲೆ ಒಂದು ಬನಾರಸ್ ಸೀರೆ. ಟೈಮ್ ಉಳಿದರೆ ಆಟೋದವನು ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಒಳಗಿರುವ ಹೊಸ ವಿಶ್ವನಾಥನ ಗುಡಿಗೂ ಕರೆದುಕೊಂಡು ಹೋಗುತ್ತಾನೆ. ಅದೇ ಕ್ಯಾಂಪಸ್‌ನಲ್ಲಿ ಭಾರತ ಕಲಾ ಭವನ ಅಂತ ಒಂದು ಮ್ಯೂಸಿಯಂ ಇದೆ. ಒಂದು ಲಕ್ಷಕ್ಕೂ ಜಾಸ್ತಿ ವಸ್ತುಗಳಿವೆ. ಅಲ್ಲಿಗೆ ಮಾತ್ರ ಯಾರೂ ಕರೆದುಕೊಂಡು ಹೋಗುವುದಿಲ್ಲ.

ಅದನ್ನು ಕಟ್ಟಿದವರು ರಾಯ್ ಕೃಷ್ಣದಾಸ್. ಹುಟ್ಟಿದ್ದು 1892ರಲ್ಲಿ, ಕಾಶಿಯ ಸಿರಿವಂತ ಮನೆತನದಲ್ಲಿ. ಮ್ಯೂಸಿಯಂ ಶುರುವಾದಾಗ ಅವರಿಗೆ ಇನ್ನೂ 30 ತುಂಬಿರಲಿಲ್ಲ. ಆದರೆ ಅವರ ಕಥೆ ಹೇಳುವ ಮೊದಲು ಇನ್ನೊಬ್ಬರ ಕಥೆ ಹೇಳಬೇಕು.

1910-11ರಲ್ಲಿ ಅಲಹಾಬಾದ್‌ನಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಅದರ ಕಲಾ ವಿಭಾಗ ನೋಡಿಕೊಂಡವರು ಕಲಾ ವಿದ್ವಾಂಸ ಆನಂದ ಕುಮಾರಸ್ವಾಮಿ. ಉತ್ತರ ಭಾರತ ಸುತ್ತಿ ಅವರು ರಜಪೂತ ಚಿತ್ರಗಳನ್ನು ರಾಶಿ ಒಟ್ಟುಮಾಡಿದ್ದರು. ಆ ಕಾಲಕ್ಕೆ ಇವನ್ನು ಕಲೆ ಅಂತ ಕರೆಯುವವರೇ ಕಡಿಮೆ. ಚಿತ್ರ ಬರೆಸುತ್ತಿದ್ದ ದರ್ಬಾರುಗಳು ಬಡವಾಗಿದ್ದವು, ಫೋಟೋ ಬಂದಿತ್ತು, ಗಂಟುಗಟ್ಟಲೆ ಚಿತ್ರಗಳು ವ್ಯಾಪಾರಿಗಳ ಕೈಗೆ ಬರುತ್ತಿದ್ದವು. ಕುಮಾರಸ್ವಾಮಿ ಒಂದು ಮಾತು ಹೇಳಿದರು: ಕಾಶಿಯಲ್ಲಿ ರಾಷ್ಟ್ರೀಯ ಮ್ಯೂಸಿಯಂ ಕಟ್ಟಲು ದುಡ್ಡು ಕೂಡಿಸಿ, ನನ್ನ ಸಂಗ್ರಹ ಪೂರ್ತಿ ಕೊಡುತ್ತೇನೆ.

ದುಡ್ಡು ಕೂಡಲಿಲ್ಲ. 1917ರಲ್ಲಿ ಆ ಸಂಗ್ರಹ ಬಾಸ್ಟನ್ನಿನ ಲಲಿತಕಲಾ ಮ್ಯೂಸಿಯಂಗೆ ಹೋಯಿತು. ಅದರ ಹಿಂದೆಯೇ ಅವರೂ ಹೋದರು. 1947ರಲ್ಲಿ ಸಾಯುವವರೆಗೆ ಅಲ್ಲೇ ಕೆಲಸ ಮಾಡಿದರು. ನಮ್ಮ ಚಿತ್ರಗಳನ್ನು ಹೊರದೇಶಕ್ಕೆ ಸಾಗಿಸಿದರು ಅಂತ ಅವರನ್ನು ಬೈಯುವುದು ಸುಲಭ. ಆದರೆ ಕೊಡುತ್ತೇನೆ ಅಂದವರು ಅವರು, ಬೇಡ ಅಂದಂತೆ ಸುಮ್ನೆ ಕೂತವರು ನಾವೇ ಅಲ್ವಾ?

ಇದಾಗಿ ಮೂರೇ ವರ್ಷಕ್ಕೆ, 1920ರ ಜನವರಿ 1ರಂದು, ಅದೇ ಕಾಶಿಯಲ್ಲಿ ಕೃಷ್ಣದಾಸರು ಭಾರತೀಯ ಕಲಾ ಪರಿಷತ್ ಶುರು ಮಾಡಿದರು. ಗೊದೌಲಿಯಾ ಚೌಕದ ಒಂದು ಬಾಡಿಗೆ ಮನೆ. ನಮ್ಮ ಜಂಗಮವಾಡಿ ಮಠಕ್ಕೆ ಹೋದವರಿಗೆ ಆ ಗಲಾಟೆಯ ಜಾಗ ಚೆನ್ನಾಗಿ ಗೊತ್ತಿರುತ್ತದೆ. ರವೀಂದ್ರನಾಥ ಟ್ಯಾಗೋರ್ ಅಧ್ಯಕ್ಷರಾದರು. ಹೆಸರೇನೋ ದೊಡ್ಡದೇ. ಖರ್ಚು ಮಾತ್ರ ಬಹುಪಾಲು ಕೃಷ್ಣದಾಸರ ಕೈಯಿಂದಲೇ.

ಅವರಿಗೆ ಚಿತ್ರ ನೋಡುವುದನ್ನು ಕಲಿಸಿದವರಲ್ಲಿ ಉಸ್ತಾದ್ ರಾಮ್ ಪ್ರಸಾದ್ ಮುಖ್ಯ. ಮೊಗಲ್ ಕಾಲದ ಪದ್ಧತಿಯಲ್ಲಿ ಬರೆಯುತ್ತಿದ್ದ ಕಾಶಿಯ ಕೊನೆಯ ಚಿತ್ರಗಾರರಲ್ಲಿ ಒಬ್ಬರು. ಈ ಪದ್ಧತಿಯಲ್ಲಿ ಕಾಗದವನ್ನು ಪದರ ಪದರವಾಗಿ ಅಂಟಿಸಬೇಕು, ಅಳಿಲಿನ ಬಾಲದ ಕೂದಲಿನ ಕುಂಚದಲ್ಲಿ ಬರೆಯಬೇಕು, ನಡುನಡುವೆ ಚಿತ್ರವನ್ನು ಮಗುಚಿ ಹಾಕಿ ಹಿಂಬದಿಯಿಂದ ನುಣುಪು ಕಲ್ಲಿನಲ್ಲಿ ಉಜ್ಜಬೇಕು, ಆಗ ಬಣ್ಣ ಕಾಗದಕ್ಕೆ ಕೂತು ಹೊಳಪು ಬರುತ್ತದೆ. ಇಂಥದ್ದನ್ನು ಬರೆಯುವವರ ಪಕ್ಕ ಕೂತೇ ಕಲಿಯಬೇಕು. ಕೃಷ್ಣದಾಸರು ಹಾಗೇ ಕಲಿತರು. ನನ್ನ ಪ್ರಕಾರ ಅವರ ದುಡ್ಡಿಗಿಂತ ಈ ಕಣ್ಣೇ ಮ್ಯೂಸಿಯಂನ ದೊಡ್ಡ ಆಸ್ತಿ. ಅಕ್ಬರನ ಕಾಲದ, 1596ರ ಸುಮಾರಿನ ಅನ್ವಾರ್-ಇ-ಸುಹೈಲಿ ಹಸ್ತಪ್ರತಿ ಇವತ್ತು ಅಲ್ಲಿದೆ. ನಮ್ಮ ಪಂಚತಂತ್ರದ ಕಥೆಗಳೇ ಪಾರ್ಸಿಗೆ ಹೋಗಿ ಹಾಗಾಗಿರುವುದು.

ಜಾಗದ ತಾಪತ್ರಯ ಮಾತ್ರ ತಪ್ಪಲಿಲ್ಲ. 1929ರಲ್ಲಿ ನಾಗರೀ ಪ್ರಚಾರಿಣೀ ಸಭೆ ಆಸರೆ ಕೊಟ್ಟಿತು. ನಮ್ಮ ಕನ್ನಡ ಸಾಹಿತ್ಯ ಪರಿಷತ್ತಿನ ಥರದ್ದು ಅಂದುಕೊಳ್ಳಿ, ಹಿಂದಿಗಾಗಿ ಕಟ್ಟಿದ ಸಂಸ್ಥೆ. ನಿಘಂಟು ಮಾಡುವವರ ಜೊತೆ ಮೊಗಲ್ ಚಿತ್ರಗಳು ವಾಸ ಮಾಡಿದವು. ಭಾರತ ಕಲಾ ಭವನ ಅನ್ನುವ ಹೆಸರು ಬಂದದ್ದೂ ಆಗಲೇ.

1939-40ರಲ್ಲಿ ಇನ್ನೊಂದು ಸಂಗತಿ ನಡೆಯಿತು. ಕಾಶಿ ರೈಲ್ವೆ ಸ್ಟೇಷನ್ ದೊಡ್ಡದು ಮಾಡಲು ರಾಜಘಾಟ್‌ನಲ್ಲಿ ಗುತ್ತಿಗೆದಾರರು ನೆಲ ಅಗೆದರು. ಗುಪ್ತರ ಕಾಲದ ಮಣ್ಣಿನ ತಲೆಗಳು, ಮುದ್ರೆಗಳು ಮೇಲೆ ಬಂದವು. ತಲೆಗೂದಲನ್ನು ಒಂದೊಂದು ಗೊಂಬೆಗೆ ಒಂದೊಂದು ಥರ ಬಾಚಿದ್ದಾರೆ, ನೋಡಿದರೆ ಮೊನ್ನೆ ಮೊನ್ನೆ ಮಾಡಿದ ಹಾಗಿವೆ. ರೈಲ್ವೆ ಕೆಲಸದಲ್ಲಿ ಚೆಲ್ಲಾಪಿಲ್ಲಿಯಾಗಬೇಕಿದ್ದ ಇವುಗಳಲ್ಲಿ ಎಷ್ಟೋ ಕಲಾ ಭವನಕ್ಕೆ ಸೇರಿದವು. ಪುರಾತತ್ವ ಇಲಾಖೆಯೂ 1940ರಲ್ಲಿ ಅಲ್ಲಿ ಉತ್ಖನನ ಮಾಡಿತು.

ಒಬ್ಬ ಮನುಷ್ಯನ ಸಂಗ್ರಹ ಇಷ್ಟು ಬೆಳೆದರೆ ಅದನ್ನು ಕಾಯುವವರು ಯಾರು? ಬೆಂಕಿ, ಗೆದ್ದಲು, ಮಳೆಗಾಲದ ಥಂಡಿ, ಕಳ್ಳರು, ಕೊನೆಗೆ ಪಾಲಿನ ಜಗಳ. 1950ರಲ್ಲಿ ಕೃಷ್ಣದಾಸರು ಎಲ್ಲವನ್ನೂ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು. ಗೊದೌಲಿಯಾದಿಂದ ಕ್ಯಾಂಪಸ್‌ಗೆ ಆಟೋದಲ್ಲಿ ಅರ್ಧ ಗಂಟೆಯ ದಾರಿ. ಮ್ಯೂಸಿಯಂ ಅಲ್ಲಿಗೆ ಹೋಗಿ ಸೇರಲು 30 ವರ್ಷ ಹಿಡಿಯಿತು. ಹೊಸ ಕಟ್ಟಡಕ್ಕೆ ನೆಹರೂ ಅದೇ ವರ್ಷ ಅಡಿಗಲ್ಲು ಹಾಕಿದರು, ಕಟ್ಟಡ ತೆರೆದದ್ದು 1962ರಲ್ಲಿ.

ವಿಶ್ವವಿದ್ಯಾಲಯಕ್ಕೆ ಸೇರಿದ್ದರಿಂದ ಲಾಭವೂ ಆಯಿತು, ಕಿರಿಕಿರಿಯೂ ಇದೆ. ಕಲಾ ಇತಿಹಾಸ ಓದುವ ಹುಡುಗರು ಕ್ಲಾಸು ಬಿಟ್ಟು ನಡೆದುಹೋದರೆ ಮೂಲ ಚಿತ್ರವೇ ಸಿಗುತ್ತದೆ. ಗೋವರ್ಧನ ಎತ್ತಿದ ಕೃಷ್ಣನ ಆಳೆತ್ತರ ಮೀರಿದ ಗುಪ್ತರ ಕಾಲದ ಶಿಲ್ಪ ಕಾಶಿಯದ್ದೇ, ಬಕರಿಯಾ ಕುಂಡದಲ್ಲಿ ಸಿಕ್ಕಿದ್ದು, ಅದೂ ಅಲ್ಲೇ ಇದೆ. ಆದರೆ ಕ್ಯಾಂಪಸ್ಸಿನೊಳಗಿನ ಮ್ಯೂಸಿಯಂ ಊರಿನವರ ಕಣ್ಣಿಗೆ ಯಾವುದೋ ಡಿಪಾರ್ಟ್‌ಮೆಂಟ್ ಥರ ಕಾಣುತ್ತದೆ. ಒಂದು ಲಕ್ಷ ವಸ್ತುಗಳಲ್ಲಿ ಬಹುಪಾಲು ಉಗ್ರಾಣದಲ್ಲೇ ಇರುತ್ತವೆ.

ಕೃಷ್ಣದಾಸರು ಕ್ಯಾಂಪಸ್‌ಗೆ ಬಂದ ಮೇಲೂ ಗೌರವ ನಿರ್ದೇಶಕರಾಗಿ ಬಹುಕಾಲ ದುಡಿದರು. ಕೊಡುವವರು ಅವರನ್ನು ನಂಬಿ ಕೊಡುತ್ತಿದ್ದರು. ಮಗ ಆನಂದ ಕೃಷ್ಣ ಕೂಡ ಅದೇ ವಿಶ್ವವಿದ್ಯಾಲಯದಲ್ಲಿ ಕಲಾ ಇತಿಹಾಸ ಕಲಿಸಿದರು. ಅಸ್ಸಿ ಘಾಟಿನಲ್ಲಿ 1936ರಿಂದ ನಾಲ್ಕು ದಶಕ ಬದುಕಿದ ಸ್ವಿಸ್ ಕಲಾವಿದೆ ಆಲಿಸ್ ಬೋನರ್ ಹೆಸರಿನಲ್ಲಿ ಕಲಾ ಭವನದಲ್ಲಿ ಒಂದು ಗ್ಯಾಲರಿಯೇ ಇದೆ. ಕೃಷ್ಣದಾಸರಿಗೆ 1980ರಲ್ಲಿ ಪದ್ಮವಿಭೂಷಣ ಬಂತು. ಅದೇ ವರ್ಷ ತೀರಿಕೊಂಡರು.