ಅಡ್ವಾನ್ಸ್ಡ್ ಮುಗಿಸಿದೋರಿಗೆ ಇಂಟರ್ಮೀಡಿಯೆಟ್ ಯಾಕೆ?

ಈ ವರ್ಷದ ಶುರುವಲ್ಲಿ ಒಬ್ಬ ತಂದೆ ಫೋನ್ ಮಾಡಿದ್ರು, ನಮಸ್ಕಾರ ಗಿಮಸ್ಕಾರ ಏನಿಲ್ಲ, ನೇರ ಸಿಟ್ಟು. "ಏನ್ ಮೇಡಂ ಇದು ಅನ್ಯಾಯ, ನಮ್ಮ ಹುಡುಗ ಬಿ.ಕಾಂ ಡಿಸ್ಟಿಂಕ್ಷನ್ನು, ಅಕೌಂಟಿಂಗ್ ಮಾಸ್ಟರ್ಸಿಗೆ ಅರ್ಜಿ ಹಾಕಿದ್ರೆ ಅವನಿಗೆ ಇಂಟರ್ಮೀಡಿಯೆಟ್ ಮುಗಿಸ್ಕೊಂಡು ಬಾ ಅಂತ ಅಮೆರಿಕದ ಯೂನಿವರ್ಸಿಟಿಯೋರು ಬರೆದಿದಾರೆ. ಇಂಟರ್ಮೀಡಿಯೆಟ್ಟು ನಮ್ಮಪ್ಪ ಓದಿದ್ದು!" ನನಗೆ ನಗು ತಡಿಯಕ್ಕಾಗ್ಲಿಲ್ಲ. ಪಿಯುಸಿ ಬರೋಕೆ ಮುಂಚೆ ನಮ್ಮಲ್ಲಿ ಡಿಗ್ರಿಗೆ ಮೊದಲು ಓದ್ತಿದ್ದಿದ್ದು ಇಂಟರ್ಮೀಡಿಯೆಟ್ಟೇ ಅಲ್ವಾ, ಹಾಗಾಗಿ ಅವರ ಲೆಕ್ಕದಲ್ಲಿ ಮಗನ್ನ ಡಿಗ್ರಿಯಿಂದ ಎಳೆದು ಕೆಳಗಿನ ಕ್ಲಾಸಲ್ಲಿ ಕೂರಿಸಿದ ಹಾಗಾಗಿತ್ತು. ಪಾಪ.

ಅಮೆರಿಕದೋರು ಕೇಳಿದ್ದು ಆ ಇಂಟರ್ಮೀಡಿಯೆಟ್ ಅಲ್ಲ, ಇಂಟರ್ಮೀಡಿಯೆಟ್ ಅಕೌಂಟಿಂಗ್ ಅನ್ನೋ ಅಲ್ಲಿನ ಡಿಗ್ರಿ ಕೋರ್ಸು. ತಂದೆಗೆ ಗೊತ್ತಿಲ್ಲ ಅಂದ್ರೆ ಸರಿ, ಅದು ಅವರ ಕೆಲಸ ಅಲ್ಲ. ಆದ್ರೆ ಮಗನೂ ಅದನ್ನೇ ಇನ್ನೊಂದು ಥರ ಹೇಳ್ತಾನೆ, ಅವನೊಬ್ಬನೇ ಅಲ್ಲ, ಪ್ರತಿ ವರ್ಷ ಸೆಪ್ಟೆಂಬರಿಂದ ಫೆಬ್ರವರಿವರೆಗೆ ಅಮೆರಿಕಕ್ಕೆ ಅರ್ಜಿ ಹಾಕೋಕೆ ಸಲಹೆ ಕೇಳಿ ನನ್ನ ಹತ್ರ ಬರೋ ಮಕ್ಕಳಲ್ಲಿ ಮುಕ್ಕಾಲು ಪಾಲು ಇದೇ ರಾಗ: "ಮೇಡಂ, ನಾನು ಅಡ್ವಾನ್ಸ್ಡ್ ಫೈನಾನ್ಶಿಯಲ್ ಅಕೌಂಟಿಂಗೇ ಮಾಡಿದೀನಿ, ಮತ್ತೆ ಇಂಟರ್ಮೀಡಿಯೆಟ್ ಯಾಕೆ ಕೇಳ್ತಾರೆ? ಮೇಲಿನದು ಮಾಡಿದ್ಮೇಲೆ ಕೆಳಗಿನದು ಬಂದೇ ಬಂತಲ್ಲ?" ಬಂದಿಲ್ಲ ಮರಿ. ಇದನ್ನ ಒಂದ್ಸಲ ಕೂತು ಬರೆದುಬಿಟ್ರೆ ಮುಂದೆ ಕೇಳಿದೋರಿಗೆ ಕಳಿಸಿ ಸುಮ್ಮನಿರಬಹುದು ಅಂತ ಈ ಅಂಕಣ.

ಮೊದಲೇ ಹೇಳ್ಬಿಡ್ತೀನಿ, ಟೋಫೆಲ್, ಐಇಎಲ್‌ಟಿಎಸ್, ಶಿಫಾರಸು ಪತ್ರ, ಸ್ಟೇಟ್‌ಮೆಂಟ್ ಆಫ್ ಪರ್ಪಸ್ ಇದ್ಯಾವುದರ ಬಗ್ಗೆನೂ ಇಲ್ಲಿ ಬರೆಯಲ್ಲ, ಅದೆಲ್ಲ ಯೂನಿವರ್ಸಿಟಿ ವೆಬ್‌ಸೈಟಲ್ಲಿ ಅಚ್ಚುಕಟ್ಟಾಗಿದೆ, ಓದ್ಕೊಳ್ಳಿ. ಜಿಮ್ಯಾಟ್, ಅದೇ ಬಿಸಿನೆಸ್ ಸ್ಕೂಲುಗಳ ಪ್ರವೇಶ ಪರೀಕ್ಷೆ, ಅದರ ಬಗ್ಗೆ ಮಾತ್ರ ಒಂದ್ಮಾತು, ಯಾಕಂದ್ರೆ ಅದರಲ್ಲೂ ಅಳು ಜಾಸ್ತಿ. ಹಳೇ ಜಿಮ್ಯಾಟ್ 2024ರ ಜನವರಿಗೆ ನಿಂತೋಯ್ತು, ಈಗಿರೋದರ ಸ್ಕೋರು 205ರಿಂದ 805, ಎಲ್ಲ ಸ್ಕೋರೂ 5ರಲ್ಲೇ ಮುಗಿಯತ್ತೆ. ಈಗಿನ 645 ಅಂದ್ರೆ ಹೆಚ್ಚುಕಮ್ಮಿ ಹಳೇ 700ಕ್ಕೆ ಸಮ. ನಿಮ್ಮ ಕಸಿನ್ 2018ರಲ್ಲಿ 700 ತಗೊಂಡಿದ್ದ ಅಂತ ನಿಮ್ಮ 645 ಹಿಡ್ಕೊಂಡು ಅಳಬೇಡಿ. ಎಷ್ಟೋ ಅಕೌಂಟಿಂಗ್ ಪ್ರೋಗ್ರಾಮ್‌ಗಳು ಜಿಮ್ಯಾಟೇ ಕೇಳಲ್ಲ, ಕೇಳೋವೂ ಒಳ್ಳೆ ಮಾರ್ಕ್ಸ್ ಇದ್ರೆ ಮಾಫಿ ಮಾಡ್ತವೆ. ಆದ್ರೆ ಪ್ರಿರಿಕ್ವಿಸಿಟ್, ಅಂದ್ರೆ ಸೇರೋಕೆ ಮುಂಚೆ ಓದಿರಲೇಬೇಕಾದ ಕೋರ್ಸುಗಳನ್ನ ಹಾಗೆ ಸುಲಭಕ್ಕೆ ಮಾಫಿ ಮಾಡಲ್ಲ. ಮಕ್ಕಳು ಆರು ತಿಂಗಳು ಜಿಮ್ಯಾಟಿಗೆ ಒದ್ದಾಡ್ತಾರೆ, ಪ್ರಿರಿಕ್ವಿಸಿಟ್ ಪಟ್ಟಿಗೆ ಆರು ನಿಮಿಷ ಕೊಡಲ್ಲ.

ಈಗ ವಿಷಯಕ್ಕೆ ಬರ್ತೀನಿ. ಅಮೆರಿಕದಲ್ಲಿ ಅಕೌಂಟಿಂಗ್ ಮಾಸ್ಟರ್ಸ್ ಅಂದ್ರೆ ಅಲ್ಲೇ ನಾಲ್ಕು ವರ್ಷ ಅಕೌಂಟಿಂಗ್ ಓದಿದೋರಿಗೆ ಐದನೇ ವರ್ಷ ಅಂತ ಕಟ್ಟಿದ ಕೋರ್ಸು, ಹೆಚ್ಚಿನ ಕಡೆ 30 ಕ್ರೆಡಿಟ್. ಅಲ್ಲಿ ಮೊದಲ ದಿನ ಪಾಠ ಶುರುವಾಗೋದೇ ಇವರಿಗೆ ಇಷ್ಟು ಗೊತ್ತಿದೆ ಅನ್ನೋ ಊಹೆ ಮೇಲೆ. ಆ "ಇಷ್ಟು" ಅನ್ನೋದೇ ಪ್ರಿರಿಕ್ವಿಸಿಟ್. ಸಾಮಾನ್ಯವಾಗಿ ಇಂಟರ್ಮೀಡಿಯೆಟ್ ಅಕೌಂಟಿಂಗ್ ಒಂದು ಮತ್ತು ಎರಡು, ಕಾಸ್ಟ್, ಆಡಿಟಿಂಗ್, ಅಲ್ಲಿನ ಫೆಡರಲ್ ಟ್ಯಾಕ್ಸ್, ಕೆಲವು ಕಡೆ ಅಕೌಂಟಿಂಗ್ ಇನ್ಫರ್ಮೇಷನ್ ಸಿಸ್ಟಮ್ಸ್, ಬಿಸಿನೆಸ್ ಲಾ, ಸ್ಟ್ಯಾಟಿಸ್ಟಿಕ್ಸ್. ಕಾಸ್ಟೂ ಸ್ಟ್ಯಾಟಿಸ್ಟಿಕ್ಸೂ ನಮ್ಮ ಮಕ್ಕಳಿಗೆ ಬಹುತೇಕ ಪಾಸಾಗ್ತವೆ. ಟ್ಯಾಕ್ಸ್ ಯಾರಿಗೂ ಆಗಲ್ಲ, ನಮ್ಮ ಇನ್‌ಕಮ್ ಟ್ಯಾಕ್ಸ್ ಪೇಪರ್ ತೋರಿಸಿದ್ರೆ ಅವರಿಗೇನ್ ಉಪಯೋಗ, ಅದನ್ನ ಎಲ್ಲರೂ ಒಪ್ಕೊಳ್ತಾರೆ, ಜಗಳ ಇಲ್ಲ. ಜಗಳ ಇರೋದು ಇಂಟರ್ಮೀಡಿಯೆಟ್ಟಲ್ಲಿ.

ಅಡ್ವಾನ್ಸ್ಡ್ ಅನ್ನೋ ಪದ ನೋಡಿ ಮೋಸ ಹೋಗಬೇಡಿ. ನಮ್ಮ ಬಿ.ಕಾಂ ಅಡ್ವಾನ್ಸ್ಡ್ ಫೈನಾನ್ಶಿಯಲ್ ಅಕೌಂಟಿಂಗ್ ಪೇಪರಲ್ಲಿ ಏನಿರತ್ತೆ, ನೆನಪು ಮಾಡ್ಕೊಳ್ಳಿ. ಬೆಂಕಿ ಬಿದ್ದಾಗ ಇನ್ಶೂರೆನ್ಸ್ ಕ್ಲೇಮ್ ಲೆಕ್ಕ, ಹೈರ್ ಪರ್ಚೇಸು, ರಾಯಲ್ಟಿ, ಕನ್ಸೈನ್‌ಮೆಂಟು, ಬ್ರಾಂಚ್ ಅಕೌಂಟ್ಸು. ಕಷ್ಟದ ಲೆಕ್ಕಗಳೇ, ನಾನೇನು ಕೀಳು ಮಾಡ್ತಿಲ್ಲ, ರಾಯಲ್ಟಿಯ ಶಾರ್ಟ್ ವರ್ಕಿಂಗ್ಸ್ ಲೆಕ್ಕ ತಪ್ಪಿ ನಾನೇ ಎಷ್ಟು ಸಲ ಹಾಳೆ ಹರಿದು ಹಾಕಿದೀನೋ. ಅವರ ಇಂಟರ್ಮೀಡಿಯೆಟ್ ಎರಡನೇ ಭಾಗದಲ್ಲಿ ಇದ್ಯಾವುದೂ ಇಲ್ಲ. ಅಲ್ಲಿರೋದು ಲೀಸು, ಪೆನ್ಷನ್ನು, ಡಿಫರ್ಡ್ ಟ್ಯಾಕ್ಸು, ಅರ್ನಿಂಗ್ಸ್ ಪರ್ ಶೇರು, ಲೆಕ್ಕದ ವಿಧಾನ ಬದಲಾಯಿಸಿದ್ರೆ ಏನ್ ಮಾಡೋದು, ಹಳೇ ವರ್ಷದ ತಪ್ಪನ್ನ ಹೇಗೆ ತಿದ್ದೋದು ಅನ್ನೋದು. ಅವರಲ್ಲೂ ಅಡ್ವಾನ್ಸ್ಡ್ ಅಕೌಂಟಿಂಗ್ ಅಂತ ಒಂದಿದೆ, ಅದು ಬೇರೇನೇ, ಹೋಲ್ಡಿಂಗ್ ಕಂಪನಿ ಕನ್ಸಾಲಿಡೇಷನ್ನು, ವಿದೇಶಿ ಕರೆನ್ಸಿ, ಪಾರ್ಟ್‌ನರ್‌ಶಿಪ್. ಹೆಸರು ಒಂದೇ ಆದ ಮಾತ್ರಕ್ಕೆ ಒಳಗಿರೋ ಸರಕು ಒಂದೇ ಅಲ್ಲ, ಅದೊಂದು ಏಣಿ ಇದೊಂದು ಏಣಿ, ಈ ಏಣಿಯ ಮೂರನೇ ಮೆಟ್ಟಿಲು ಹತ್ತಿದ್ರೆ ಆ ಏಣಿಯ ಎರಡನೇದು ದಾಟಿದ ಹಾಗಾಗಲ್ಲ.

ಒಂದು ಲೆಕ್ಕ ಹೇಳ್ತೀನಿ, ಇದನ್ನ ಎಲ್ಲರಿಗೂ ಕೊಡ್ತೀನಿ. ಒಂದು ಕಂಪನಿ ಐದು ವರ್ಷಕ್ಕೆ ಒಂದು ಕಟ್ಟಡ ಬಾಡಿಗೆಗೆ ತಗೊಂಡಿದೆ, ವರ್ಷಕ್ಕೆ 10,000 ಡಾಲರ್, ಪ್ರತಿ ವರ್ಷದ ಕೊನೇಲಿ ಕೊಡೋದು, ಬಡ್ಡಿ ದರ ಶೇಕಡಾ 6 ಅಂತ ಇಟ್ಕೊಳ್ಳಿ. ಮೊದಲ ದಿನ ಯಾವ ಎಂಟ್ರಿ? ಹತ್ತಕ್ಕೆ ಒಂಬತ್ತು ಜನ "ಎಂಟ್ರಿ ಏನಿಲ್ಲ ಮೇಡಂ, ವರ್ಷದ ಕೊನೇಲಿ ರೆಂಟ್ ಅಕೌಂಟ್ ಡೆಬಿಟ್, ಬ್ಯಾಂಕ್ ಕ್ರೆಡಿಟ್" ಅಂತಾರೆ. ಇಂಟರ್ಮೀಡಿಯೆಟ್ ಮಾಡಿದ ಹುಡುಗಿ ಹಾಗನ್ನಲ್ಲ. ಅವಳು ಐದು ಕಂತಿನ ಇವತ್ತಿನ ಬೆಲೆ ತೆಗಿತಾಳೆ, 42,124 ಡಾಲರ್ ಬರತ್ತೆ, ಆ ಕಟ್ಟಡ ಬಳಸೋ ಹಕ್ಕನ್ನ ಅಷ್ಟಕ್ಕೆ ಆಸ್ತಿ ಅಂತ ಬರಿತಾಳೆ, ಅಷ್ಟೇ ಮೊತ್ತ ಸಾಲದ ಕಡೆ ಬರಿತಾಳೆ, ಮೊದಲ ದಿನಾನೇ. ಹನ್ನೆರಡು ತಿಂಗಳಿಗಿಂತ ಉದ್ದದ ಲೀಸು ಬ್ಯಾಲೆನ್ಸ್ ಶೀಟಲ್ಲಿ ಕಾಣ್ಬೇಕು ಅನ್ನೋದು ಅಲ್ಲಿನ ಈಗಿನ ಸ್ಟ್ಯಾಂಡರ್ಡು. ಅಡ್ಮಿಷನ್ ಕಮಿಟಿಯೋರಿಗೆ ಗೊತ್ತಾಗ್ಬೇಕಿರೋದು ಇಷ್ಟೇ, ನೀವು ಆ ಎರಡರಲ್ಲಿ ಯಾರು ಅಂತ. ನಿಮ್ಮ ಬಿ.ಕಾಂ ಶೇಕಡಾ 88 ಅದನ್ನ ಹೇಳಲ್ಲ. ಅದು ನೀವು ಓದಿದ್ದನ್ನ ಚೆನ್ನಾಗಿ ಓದಿದೀರಿ ಅಂತ ಹೇಳತ್ತೆ, ಏನು ಓದಿದೀರಿ ಅಂತ ಹೇಳಲ್ಲ.

"ಸಿಎ ಇಂಟರ್ ಪಾಸಾಗಿದೀನಿ, ಅದು ನಡಿಯತ್ತಲ್ವಾ" ಅಂತ ಕೇಳೋರು ಇನ್ನೊಂದು ಗುಂಪು. ಇಂಟರ್ ಅನ್ನೋ ಪದ ಇಲ್ಲೂ ಬಂತು ನೋಡಿ, ತಲೆ ಕೆಡಿಸಕ್ಕೇ ಇಟ್ಟ ಹೆಸರು. ಜ್ಞಾನದ ಲೆಕ್ಕದಲ್ಲಿ ಸಿಎ ಇಂಟರ್ ಮಾಡಿದ ಮಗು ಎಷ್ಟೋ ವಿಷಯದಲ್ಲಿ ಮುಂದಿರತ್ತೆ, ನನಗೆ ಅದರಲ್ಲಿ ಅನುಮಾನ ಇಲ್ಲ. ಆದ್ರೆ ಅದು ಯೂನಿವರ್ಸಿಟಿ ಕ್ರೆಡಿಟ್ ಅಲ್ಲ, ಒಂದು ವೃತ್ತಿ ಸಂಸ್ಥೆಯ ಪರೀಕ್ಷೆ. ಕೆಲವು ಡಿಪಾರ್ಟ್‌ಮೆಂಟು ಒಪ್ತವೆ, ಕೆಲವು ಒಪ್ಪಲ್ಲ, ನಡಿಯತ್ತೆ ಅಂತ ಬರೆದುಕೊಡಕ್ಕೆ ನಾನಂತೂ ತಯಾರಿಲ್ಲ, ನಿಮ್ಮ ಏಜೆಂಟ್ ಬರೆದುಕೊಟ್ರೆ ನಂಬಬೇಡಿ.

ಹಾಗಾದ್ರೆ ಏನ್ ಮಾಡ್ಬೇಕು. ಸಿಲಬಸ್ ತನ್ನಿ. ಮಾರ್ಕ್ಸ್ ಕಾರ್ಡ್ ಸಾಲಲ್ಲ, ಅದರಲ್ಲಿ ಪೇಪರ್ ಹೆಸರು ಮಾತ್ರ ಇರತ್ತೆ. ನೀವು ಸೇರಿದ ವರ್ಷದ ಸ್ಕೀಮಿನ ಸಿಲಬಸ್, ಯೂನಿಟ್ ಯೂನಿಟ್ಟಾಗಿ, ಎಷ್ಟು ಗಂಟೆ ಪಾಠ ಅನ್ನೋದರ ಸಮೇತ. ಇಲ್ಲೊಂದು ಎಡವಟ್ಟು ಹೇಳ್ಲೇಬೇಕು. ಕರ್ನಾಟಕದಲ್ಲಿ 2021ರಲ್ಲಿ ಹೊಸ ಶಿಕ್ಷಣ ನೀತಿ ಬಂತು, 2024ರಲ್ಲಿ ವಾಪಸ್ ಹೋಯ್ತು, ನಡುವೆ ಸಿಲಬಸ್ಸೂ ಬದಲಾಯ್ತು, ಒಬ್ಬಳು ಹುಡುಗಿ ತನ್ನ ಕಾಲೇಜಿನ ಆಫೀಸಲ್ಲಿ ಕೇಳಿದ್ದಕ್ಕೆ ಅವರು ಕೈಗೆ ಸಿಕ್ಕಿದ ಹೊಸ ಸಿಲಬಸ್ಸಿಗೆ ಸೀಲ್ ಹೊಡೆದು ಕೊಟ್ರು, ಇವಳು ಕಳಿಸಿಬಿಟ್ಟಳು, ಪೇಪರ್ ಹೆಸರು ಒಂದಕ್ಕೊಂದು ತಾಳೆ ಇಲ್ಲ, ಆ ಕಡೆಯೋರಿಗೆ ದಾಖಲೆ ಮೇಲೇ ಅನುಮಾನ ಬಂತು. ಅವಳದ್ದೇನೂ ತಪ್ಪಿರ್ಲಿಲ್ಲ. ಸರಿ ಮಾಡಕ್ಕೆ ಎರಡು ತಿಂಗಳು ಹಿಡೀತು.

ಹಾಗೇ ಸರ್ಟಿಫಿಕೇಟ್ ಮೌಲ್ಯಮಾಪನ ಮಾಡಿಸೋವಾಗ ಕೋರ್ಸ್ ಬೈ ಕೋರ್ಸ್ ರಿಪೋರ್ಟೇ ತಗೊಳ್ಳಿ. ಕಮ್ಮಿ ದುಡ್ಡಿಗೆ ಇನ್ನೊಂದು ಸಿಗತ್ತೆ, ಅದರಲ್ಲಿ ಡಿಗ್ರಿ ಯಾವುದಕ್ಕೆ ಸಮ ಅಂತ ಇರತ್ತೆ ಅಷ್ಟೇ, ನಮ್ಮ ಕೆಲಸಕ್ಕೆ ಬಾರದ್ದು. ಸಿಲಬಸ್ ಕೈಯಲ್ಲಿ ಬಂದ್ಮೇಲೆ ಅರ್ಜಿ ಹಾಕೋಕೆ ಮುಂಚೆ ಪ್ರೋಗ್ರಾಮ್ ಕೋಆರ್ಡಿನೇಟರ್‌ಗೆ ಒಂದು ಸಣ್ಣ ಮೇಲ್ ಹಾಕಿ, ನನ್ನ ಈ ಪೇಪರ್ ನಿಮ್ಮ ಆ ಕೋರ್ಸಿಗೆ ಸಮ ಆಗತ್ತಾ, ಆಗಲ್ಲ ಅಂದ್ರೆ ಎಲ್ಲಿ ಮಾಡಿದ್ರೆ ಒಪ್ತೀರಿ, ಕನಿಷ್ಠ ಗ್ರೇಡ್ ಎಷ್ಟು ಅಂತ. "ಎಲ್ಲಿ ಮಾಡಿದ್ರೆ ಒಪ್ತೀರಿ" ಅನ್ನೋದನ್ನ ಮರೀಬೇಡಿ, ಅಲ್ಲಿನ ಎರಡು ವರ್ಷದ ಕಮ್ಯುನಿಟಿ ಕಾಲೇಜಲ್ಲಿ ಆನ್‌ಲೈನ್ ಮಾಡಿದ್ದು ಕೆಲವರಿಗೆ ನಡಿಯತ್ತೆ, ಕೆಲವರು ನಾಲ್ಕು ವರ್ಷದ ಯೂನಿವರ್ಸಿಟಿಲೇ ಆಗ್ಬೇಕು ಅಂತಾರೆ. ಬಿ.ಕಾಂ ಅಲ್ಲದೋರನ್ನೂ ತಗೊಂಡು ಮೊದಲ ಸೆಮಿಸ್ಟರಲ್ಲಿ ಈ ಕೋರ್ಸುಗಳನ್ನ ತಾವೇ ಹೇಳ್ಕೊಡೋ ಉದ್ದದ ಪ್ರೋಗ್ರಾಮೂ ಇದಾವೆ, ಫೀಸು ಜಾಸ್ತಿ ಆಗತ್ತೆ, ಲೆಕ್ಕ ಹಾಕಿ ನೋಡಿ.

ಇನ್ನೊಂದು, ಇದನ್ನ ಕೇಳಿದ್ರೆ ಕೆಲವರ ಮುಖ ಸಣ್ಣದಾಗತ್ತೆ. ಸೀಟು ಸಿಕ್ತು ಅಂದ ತಕ್ಷಣ ಸಿಪಿಎ, ಅಂದ್ರೆ ನಮ್ಮ ಸಿಎ ಥರ ಅಲ್ಲಿನ ಲೈಸೆನ್ಸ್ ಇರೋ ಅಕೌಂಟೆಂಟ್, ಆಗಬಹುದು ಅಂತಲ್ಲ. 1983ರಲ್ಲಿ ಫ್ಲಾರಿಡಾ ಶುರು ಮಾಡಿದ, ಆ ಲೈಸೆನ್ಸಿಗೆ 150 ಕ್ರೆಡಿಟ್ ಓದಿರಬೇಕು ಅನ್ನೋ ನಿಯಮ ಆಮೇಲೆ ಎಲ್ಲ ರಾಜ್ಯಗಳಿಗೂ ಹರಡ್ತು. ಅವರ ಹುಡುಗರಿಗೆ ಡಿಗ್ರಿ 120, ಮಾಸ್ಟರ್ಸ್ 30, ಲೆಕ್ಕ ಸರಿಹೋಯ್ತು. ನಮ್ಮ ಮೂರು ವರ್ಷದ ಡಿಗ್ರಿಗೆ ಸಾಮಾನ್ಯವಾಗಿ ವರ್ಷಕ್ಕೆ 30ರ ಹಾಗೆ 90 ಹಿಡಿತಾರೆ, 30 ಸೇರಿಸಿದ್ರೆ 120ಕ್ಕೆ ನಿಲ್ಲತ್ತೆ. ಎಂ.ಕಾಂ ಇದ್ದೋರಿಗೆ ಇಲ್ಲಿ ಅನುಕೂಲ. ಯೂನಿವರ್ಸಿಟಿ ನಿಮ್ಮ ಡಿಗ್ರಿ ಒಪ್ಕೊಂಡಿದ್ದು ಬೇರೆ, ಲೈಸೆನ್ಸ್ ಕೊಡೋ ರಾಜ್ಯದ ಬೋರ್ಡು ಕ್ರೆಡಿಟ್ ಎಣಿಸೋದು ಬೇರೆ, ಒಬ್ಬರ ರಿಪೋರ್ಟ್ ಇನ್ನೊಬ್ಬರು ನೋಡಲೇಬೇಕು ಅಂತ ಏನೂ ಇಲ್ಲ. ಈಗ ನಿಯಮ ಸಡಿಲ ಆಗ್ತಿದೆ, ಓಹಾಯೋ 2026ರ ಜನವರಿಯಿಂದ ಡಿಗ್ರಿ ಜೊತೆ ಎರಡು ವರ್ಷದ ಅನುಭವದ ದಾರಿನೂ ತೆರೆದಿದೆ, ಬೇರೆ ರಾಜ್ಯಗಳೂ ಆ ಕಡೆ ಹೊರಟಿವೆ, ಆದ್ರೆ ರಾಜ್ಯಕ್ಕೊಂದು ಥರ, ನೀವು ಹೋಗೋ ರಾಜ್ಯದ ಬೋರ್ಡಿನ ಪುಟ ನೀವೇ ಓದ್ಬೇಕು.

ಆ ಸಿಟ್ಟಿನ ತಂದೆ ಕಥೆ ಏನಾಯ್ತು ಅಂತೀರಾ. ಮಗನ ಕೈಲಿ ಸಿಲಬಸ್ ತರಿಸ್ದೆ, ಫೋಟೋ ಹೊಡೆದು ಕಳಿಸ್ದ, ಪ್ರತಿ ಪುಟದಲ್ಲೂ ಅವನ ಹೆಬ್ಬೆರಳು. ಐದನೇ ಸೆಮಿಸ್ಟರಲ್ಲಿ ಅವನು ಇಂಡಿಯನ್ ಅಕೌಂಟಿಂಗ್ ಸ್ಟ್ಯಾಂಡರ್ಡ್ಸ್ ಪೇಪರ್ ಆಯ್ಕೆ ಮಾಡ್ಕೊಂಡಿದ್ದ, ಅದು ಇಂಥ ಕೆಲಸಕ್ಕೆ ಬರತ್ತೆ ಅಂತ ಅವನಿಗೇ ಗೊತ್ತಿರ್ಲಿಲ್ಲ. ಅದರ ಮತ್ತೆ ಕಾರ್ಪೊರೇಟ್ ಅಕೌಂಟಿಂಗಿನ ಯೂನಿಟ್‌ಗಳನ್ನ ಅವರ ಕೋರ್ಸಿನ ಪಕ್ಕಪಕ್ಕ ಒಂದು ಪುಟದಲ್ಲಿ ಬರೆದು ಕಳಿಸಿದ್ವಿ, ಮೊದಲ ಭಾಗ ಒಪ್ಕೊಂಡ್ರು, ಎರಡನೇದು ಒಪ್ಪಲಿಲ್ಲ, ಆಗಸ್ಟ್ ಒಳಗೆ ಬಿ ಗ್ರೇಡಿಗೆ ಕಮ್ಮಿ ಇಲ್ಲದ ಹಾಗೆ ಮುಗಿಸಿ ಅನ್ನೋ ಷರತ್ತಿನ ಮೇಲೆ ಸೀಟು ಕೊಟ್ರು. ಈಗ ಆನ್‌ಲೈನಲ್ಲಿ ಓದ್ತಿದಾನೆ. ಮೊನ್ನೆ ರಾತ್ರಿ ಹನ್ನೊಂದಕ್ಕೆ ಮೆಸೇಜು: "ಮೇಡಂ, ನಿಮ್ಮ ಆ ಲೀಸ್ ಲೆಕ್ಕ, ಬಾಡಿಗೆ ವರ್ಷದ ಕೊನೇಲಿ ಅಲ್ದೆ ಶುರುವಲ್ಲೇ ಕೊಟ್ರೆ ಎಷ್ಟು ಬರತ್ತೆ?" ಮಾಡಿ ನೋಡು ಅಂತ ಬರೆದು ಫೋನ್ ಕೆಳಗಿಟ್ಟೆ. ಇಪ್ಪತ್ತು ನಿಮಿಷ ಬಿಟ್ಟು ಬಂತು, 44,651.