ಟಿಪ್ ಬಂತು, ಆಮೇಲೆ?

ಸೈಬರ್ ಠಾಣೆಯ ಇನ್‌ಸ್ಪೆಕ್ಟರ್ ಮೇಜಿನ ಮೇಲೆ ಒಂದು ವರದಿ ಇದೆ ಅಂದುಕೊಳ್ಳಿ. ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯದ ವಿಡಿಯೊ ಒಂದನ್ನು ಯಾರೋ ಅಪ್‌ಲೋಡ್ ಮಾಡಿದ್ದಾರೆ. ಆ ಯಾರೋ ಯಾರು? ಕೈಯಲ್ಲಿರುವುದು ಒಂದು ಐಪಿ ವಿಳಾಸ (ಇಂಟರ್ನೆಟ್ ಸಂಪರ್ಕಕ್ಕೆ ಸಿಗುವ ನಂಬರ್), ಒಂದು ಸಮಯ, ಅಷ್ಟೇ. ಸಮಯವೂ ಹೆಚ್ಚಾಗಿ ಯುಟಿಸಿಯಲ್ಲಿ, ಅಂದರೆ ಜಾಗತಿಕ ಪ್ರಮಾಣ ಸಮಯದಲ್ಲಿ ಇರುತ್ತದೆ. ಅದಕ್ಕೆ ಐದೂವರೆ ಗಂಟೆ ಕೂಡಿಸುವುದು ಮರೆತರೆ ಪೊಲೀಸರು ಇನ್ಯಾರದೋ ಮನೆ ಬಾಗಿಲು ತಟ್ಟುತ್ತಾರೆ. ಸರಿಯಾಗಿ ಕೂಡಿಸಿದರೂ ಮೊಬೈಲ್ ಕಂಪನಿಗಳು ಒಂದೇ ಐಪಿಯನ್ನು ಒಂದೇ ಹೊತ್ತಿಗೆ ಎಷ್ಟೋ ಜನಕ್ಕೆ ಹಂಚಿರುತ್ತವೆ. ಅವರಲ್ಲಿ ಯಾರು ಅಂತ ಬೇರ್ಪಡಿಸಿ ತೋರಿಸುವ ಪೋರ್ಟ್ ನಂಬರ್ ಇಲ್ಲದಿದ್ದರೆ ತನಿಖೆ ಅಲ್ಲೇ ನಿಂತಂತೆ.

ಈ ವರದಿಗಳು ಬರುವುದು ಅಮೆರಿಕದಿಂದ. ಕಾಣೆಯಾದ, ಶೋಷಣೆಗೊಳಗಾದ ಮಕ್ಕಳಿಗಾಗಿ ಕೆಲಸ ಮಾಡುವ ಅಲ್ಲಿನ ಎನ್‌ಸಿಎಂಇಸಿ ಸಂಸ್ಥೆ 1998ರಲ್ಲಿ ಇಂಥ ವರದಿಗಳನ್ನು ಪಡೆಯುವ ಸೈಬರ್‌ಟಿಪ್‌ಲೈನ್ ಶುರು ಮಾಡಿತು. ಇಂಥದ್ದು ಗೊತ್ತಾದರೆ ಅಲ್ಲಿನ ಕಂಪನಿಗಳು ಅದಕ್ಕೆ ತಿಳಿಸಲೇಬೇಕು. 2009ರಲ್ಲಿ ಫೋಟೊಡಿಎನ್ಎ ಎಂಬ ತಂತ್ರಜ್ಞಾನ ಬಂದ ಮೇಲೆ, ಮೊದಲೇ ಸಿಕ್ಕಿದ್ದ ಚಿತ್ರಗಳನ್ನು ಬೆರಳಚ್ಚು ಹೋಲಿಸುವ ಹಾಗೆ ಕಂಪ್ಯೂಟರೇ ಪತ್ತೆ ಮಾಡತೊಡಗಿತು. 2023ರಲ್ಲಿ ಎನ್‌ಸಿಎಂಇಸಿಗೆ ಬಂದ ವರದಿಗಳು 3.6 ಕೋಟಿ!

ನಮ್ಮ 2000ದ ಐಟಿ ಕಾಯ್ದೆಯಲ್ಲಿ ಮಕ್ಕಳ ವಿಷಯಕ್ಕೆ ಬೇರೆ ಕಲಮೇ ಇರಲಿಲ್ಲ. ಅದಕ್ಕಾಗಿ ಸೇರಿಸಿದ 67ಬಿ ಕಲಮು ಜಾರಿಗೆ ಬಂದದ್ದು 2009ರ ಅಕ್ಟೋಬರ್‌ನಲ್ಲಿ, ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ವಿರುದ್ಧದ ಪೋಕ್ಸೊ ಕಾಯ್ದೆ 2012ರಲ್ಲಿ. ಆದರೆ ಎನ್‌ಸಿಎಂಇಸಿ ವರದಿಗಳನ್ನು ಪಡೆಯಲು ನಮ್ಮ ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ) ಒಪ್ಪಂದ ಮಾಡಿಕೊಂಡದ್ದು 2019ರಲ್ಲಿ. 67ಬಿ ಬಂದು ಹತ್ತು ವರ್ಷ ಆಗಿತ್ತು, ನೋಡಿ. ಇನ್ನು 67ಬಿ ಕೇಸನ್ನು ಇನ್‌ಸ್ಪೆಕ್ಟರ್‌ಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ವರದಿ ಎಷ್ಟೇ ಬರಲಿ, ಠಾಣೆಯಲ್ಲಿ ಇನ್‌ಸ್ಪೆಕ್ಟರ್‌ಗಳು ಎಷ್ಟು ಜನ ಇರುತ್ತಾರೆ ಹೇಳಿ?

ಕೋರ್ಟುಗಳಲ್ಲೂ ಗೊಂದಲ ಇತ್ತು. 2024ರ ಜುಲೈನಲ್ಲಿ ನಮ್ಮದೇ ಕರ್ನಾಟಕ ಹೈಕೋರ್ಟ್, ಸುಮ್ನೆ ನೋಡಿದರೆ 67ಬಿ ಅಪರಾಧ ಆಗುವುದಿಲ್ಲ ಎಂದು ಒಂದು ಕೇಸು ರದ್ದು ಮಾಡಿತು. ಅದೇ ಕಲಮಿನ ಇನ್ನೊಂದು ಭಾಗದಲ್ಲಿ ಹುಡುಕುವುದು, ಬ್ರೌಸ್ ಮಾಡುವುದು, ಡೌನ್‌ಲೋಡ್ ಮಾಡುವುದು ಎಲ್ಲವೂ ಇದೆ. ಅದು ಗಮನಕ್ಕೆ ಬಂದ ಮೇಲೆ ಅದೇ ತಿಂಗಳು ಆದೇಶವನ್ನು ವಾಪಸ್ ಪಡೆಯಿತು. ತಪ್ಪು ಒಪ್ಪಿಕೊಂಡದ್ದು ದೊಡ್ಡದೇ ಬಿಡಿ. ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, 'ಚೈಲ್ಡ್ ಪೋರ್ನೋಗ್ರಫಿ' ಎಂಬ ಪದವನ್ನೇ ಕೋರ್ಟುಗಳು ಬಳಸಬಾರದು ಎಂದಿತು. ಆ ಚಿತ್ರದಲ್ಲಿ ಇರುವುದು ದೌರ್ಜನ್ಯ, ಅಲ್ವಾ?

ಅಷ್ಟರಲ್ಲಿ ಇನ್ನೊಂದು ತೊಡಕು ಶುರುವಾಗಿತ್ತು. 2023ರ ಡಿಸೆಂಬರ್‌ನಲ್ಲಿ ಮೆಟಾ, ಫೇಸ್‌ಬುಕ್ ಮೆಸೆಂಜರ್‌ನ ಖಾಸಗಿ ಚಾಟ್‌ಗಳಿಗೆ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್, ಅಂದರೆ ಕಳಿಸಿದವರು ಮತ್ತು ಪಡೆದವರು ಮಾತ್ರ ತೆರೆಯಬಲ್ಲ ಬೀಗ, ಹಾಕತೊಡಗಿತು. ಮರುವರ್ಷ ವರದಿಗಳು 2.05 ಕೋಟಿಗೆ ಇಳಿದವು. ಒಂದೇ ಘಟನೆಯ ವರದಿಗಳನ್ನು ಒಟ್ಟುಗೂಡಿಸಿದ್ದೂ ಇದಕ್ಕೆ ಒಂದು ಕಾರಣ. ಆದರೆ ಬೀಗ ಹಾಕಿದ ಚಾಟ್ ಒಳಗಿನ ಚಿತ್ರವನ್ನು ಕಂಪನಿಯ ಸರ್ವರ್ ನೋಡಲಾರದು. ಆಗ ಇನ್‌ಸ್ಪೆಕ್ಟರ್ ಮೇಜಿಗೆ ಆ ಅರೆಬರೆ ಐಪಿ ವಿಳಾಸವೂ ಬರುವುದಿಲ್ಲ.