ಟ್ರೇಲರ್‌ಗೆ ಬಿದ್ದ ಮರಳು, ಕಲಂ 303 ಮತ್ತು ಕಲಂ 305

ಸಿರುಗುಪ್ಪದ ಬಳಿ ತುಂಗಭದ್ರೆಯಲ್ಲಿರಲಿ, ದೇವದುರ್ಗದ ಕಡೆ ಕೃಷ್ಣೆಯಲ್ಲಿರಲಿ, ನದಿಪಾತ್ರದಲ್ಲಿ ಬಿದ್ದಿರುವ ಮರಳು ಕಾನೂನಿನ ಕಣ್ಣಿಗೆ ನೆಲದ ಭಾಗ. ನೆಲವನ್ನು ಒತ್ತುವರಿ ಮಾಡಬಹುದು, ಕದಿಯಲು ಬರುವುದಿಲ್ಲ. ಅದೇ ಮರಳನ್ನು ಸಲಿಕೆಯಲ್ಲಿ ಎತ್ತಿದ ಕ್ಷಣ ಅದು ನೆಲದಿಂದ ಬೇರ್ಪಟ್ಟು ಚರ ಸ್ವತ್ತಾಗುತ್ತದೆ. ಕಳವಿನ ಲೆಕ್ಕ ಅಲ್ಲಿಂದ ಶುರು.

ಹಳೆಯ ದಂಡ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ ಕಲಂ 303 ಕಳವಿಗೆ ಐದು ಅಂಶಗಳನ್ನು ಕೇಳುತ್ತದೆ. ವಸ್ತು ಚರ ಸ್ವತ್ತಾಗಿರಬೇಕು, ಅದು ಇನ್ನೊಬ್ಬರ ಸ್ವಾಧೀನದಲ್ಲಿರಬೇಕು, ಅವರ ಒಪ್ಪಿಗೆ ಇರಬಾರದು, ಅಪ್ರಾಮಾಣಿಕ ಉದ್ದೇಶ ಇರಬೇಕು, ಆ ಉದ್ದೇಶಕ್ಕಾಗಿಯೇ ವಸ್ತುವನ್ನು ಜಾಗದಿಂದ ಕದಲಿಸಿರಬೇಕು. ಐದರಲ್ಲಿ ಒಂದು ಬಿದ್ದರೂ ಕಳವಿನ ಆರೋಪ ನಿಲ್ಲದು. ಕದಲಿಸುವುದಕ್ಕೆ ಮೈಲಿ ಲೆಕ್ಕವಿಲ್ಲ. ಟ್ರ್ಯಾಕ್ಟರ್ ದಡ ಹತ್ತುವ ಮೊದಲೇ ಸಿಕ್ಕಿಬಿದ್ದರೂ ಕಳವು ಆಗಲೇ ಪೂರ್ತಿಯಾಗಿರುತ್ತದೆ. ಗಂಗಾವತಿಯ ಗದ್ದೆಯಲ್ಲಿ ನಿಂತ ಭತ್ತಕ್ಕೂ ಇದೇ ನಿಯಮ: ನಿಂತ ಪೈರು ನೆಲಕ್ಕೆ ಅಂಟಿದ್ದು, ಆದರೆ ಕೊಯ್ಯುವ ಕೈಯೇ ಅದನ್ನು ಕದಲಿಸಿಯೂ ಬಿಡುವುದರಿಂದ ಕೊಯ್ಲೇ ಕಳವಾಗಬಹುದು.

ಹೆಚ್ಚು ವಾದ ನಡೆಯುವುದು ಉದ್ದೇಶದ ಸುತ್ತ. ಒಬ್ಬರಿಗೆ ಅಕ್ರಮ ಲಾಭ ಅಥವಾ ಇನ್ನೊಬ್ಬರಿಗೆ ಅಕ್ರಮ ನಷ್ಟ ಮಾಡುವ ಇರಾದೆಯನ್ನು ಕಾನೂನು ಅಪ್ರಾಮಾಣಿಕತೆ ಎನ್ನುತ್ತದೆ. ವಸ್ತುವನ್ನು ಶಾಶ್ವತವಾಗಿ ಇಟ್ಟುಕೊಳ್ಳಬೇಕೆಂದಿಲ್ಲ. ಕಚೇರಿಯ ಕಡತವೊಂದನ್ನು ಮನೆಗೊಯ್ದು, ಹೊರಗಿನವನಿಗೆ ಕೊಟ್ಟು, ಬಳಿಕ ಹಿಂತಿರುಗಿಸಿದ್ದ ರಾಜಸ್ಥಾನದ ನೌಕರನದೂ ಕಳವೇ ಎಂದು ಸುಪ್ರೀಂ ಕೋರ್ಟ್ 1962ರಲ್ಲಿ ಹೇಳಿತು. ತದ್ವಿರುದ್ಧವಾಗಿ, ಸಿಂಧನೂರಿನಲ್ಲಿ ಹದ್ದುಬಸ್ತಿನ ತಕರಾರಿರುವ ಹೊಲದಲ್ಲಿ ‘ಇದು ನನ್ನದೇ’ ಎಂದು ಪ್ರಾಮಾಣಿಕವಾಗಿ ನಂಬಿ ಭತ್ತ ಕೊಯ್ದವನು, ದಾವೆಯಲ್ಲಿ ಸೋತರೂ, ಕಳ್ಳನಲ್ಲ. ನಂಬಿಕೆ ನಿಜವಾದುದೇ ಎಂಬುದನ್ನು ಮಾತ್ರ ಪಹಣಿ, ಹಳೆಯ ಕಂದಾಯ ರಸೀದಿ, ಹಗಲಲ್ಲಿ ಕೊಯ್ದನೋ ರಾತ್ರಿಯಲ್ಲೋ ಎಂಬಂಥ ಸಂಗತಿಗಳಿಂದ ಕೋರ್ಟು ಅಳೆಯುತ್ತದೆ. ‘ಊರ ಹಿರಿಯರು ಒಪ್ಪಿದ್ದರು’ ಎಂಬ ಮಾತು ಮರಳಿನ ಕೇಸುಗಳಲ್ಲಿ ಕೇಳಿಬರುತ್ತದೆ. ಹಿರಿಯರು ಯಾರೇ ಆಗಿರಲಿ, ನದಿಪಾತ್ರ ಸರ್ಕಾರದ್ದು ಎಂದು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ ಕಲಂ 67 ಹೇಳುತ್ತದೆ. ಅದರ ಪರವಾಗಿ ಒಪ್ಪಿಗೆ ಕೊಡುವ ಅಧಿಕಾರ ಅವರಿಗಿಲ್ಲ.

ಶಿಕ್ಷೆಯ ಮಾತಿಗೆ ಬಂದರೆ ಮರಳು ಸರ್ಕಾರದ್ದು ಎಂಬ ಈ ಸಂಗತಿಯೇ ಎಲ್ಲವನ್ನೂ ಬದಲಿಸುತ್ತದೆ. ಸಾಮಾನ್ಯ ಕಳವಿಗೆ 303(2)ರಡಿ 3 ವರ್ಷದವರೆಗೆ ಸೆರೆ ಅಥವಾ ದಂಡ ಅಥವಾ ಎರಡೂ. ಮತ್ತೆ ಅದೇ ತಪ್ಪಿಗೆ ದೋಷಿಯಾದರೆ ಕನಿಷ್ಠ 1 ವರ್ಷ, ಗರಿಷ್ಠ 5 ವರ್ಷ ಕಠಿಣ ಸೆರೆ. ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಬಾರಿಯ ತಪ್ಪಾಗಿದ್ದು, ಮಾಲನ್ನೋ ಬೆಲೆಯನ್ನೋ ಹಿಂತಿರುಗಿಸಿದರೆ ಸಮುದಾಯ ಸೇವೆ ಮಾತ್ರ. ಆದರೆ ಸರ್ಕಾರದ ಅಥವಾ ಸ್ಥಳೀಯ ಸಂಸ್ಥೆಯ ಸ್ವತ್ತು ಕದ್ದರೆ ಕಲಂ 305: 7 ವರ್ಷದವರೆಗೆ ಸೆರೆ, ಜೊತೆಗೆ ದಂಡ. ಇಲ್ಲಿ 5,000ದ ವಿನಾಯಿತಿ ಇಲ್ಲ. ಹಳೆಯ ಭಾರತೀಯ ದಂಡ ಸಂಹಿತೆಯಲ್ಲಿ ಇಂಥ ಉಪಕಲಮೇ ಇರಲಿಲ್ಲ, ಮರಳಿನ ಕಳವೂ 3 ವರ್ಷದವರೆಗಿನ ಸೆರೆಯ ಸಾಮಾನ್ಯ ಕಳವಿನ ಕಲಂ 379ರಲ್ಲೇ ಬರುತ್ತಿತ್ತು. ಹೀಗಾಗಿ ಅರ್ಧ ಟ್ರೇಲರ್ ಮರಳಿನ ಒಂದೇ ಕೃತ್ಯ, ಎಫ್‌ಐಆರ್‌ನಲ್ಲಿ ಬರೆದ ಕಲಂ ಯಾವುದೆಂಬುದರ ಮೇಲೆ, ಒಂದು ಕಡೆ ಸಮುದಾಯ ಸೇವೆಗೂ ಇನ್ನೊಂದು ಕಡೆ 7 ವರ್ಷದ ಸೆರೆಗೂ ದಾರಿಯಾಗುತ್ತದೆ. ಇಷ್ಟು ದೊಡ್ಡ ಅಂತರವನ್ನು ಠಾಣೆಯ ಬರವಣಿಗೆಗೆ ಬಿಟ್ಟದ್ದು ಕಾನೂನು ರಚನೆಯ ಕೊರತೆಯೇ ಸರಿ.

5,000 ರೂಪಾಯಿಯ ಗೆರೆಗೆ ಇನ್ನೊಂದು ಪರಿಣಾಮವಿದೆ. ಅದಕ್ಕಿಂತ ಕಡಿಮೆ ಬೆಲೆಯ ಸಾಮಾನ್ಯ ಕಳವು ಈಗ ಅಸಂಜ್ಞೇಯ, ಜಾಮೀನು ಸಿಗುವಂಥದ್ದು. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ. ಆದ್ದರಿಂದ ಪಂಚನಾಮೆಯಲ್ಲಿ (ಸಾಕ್ಷಿಗಳ ಮುಂದೆ ಬರೆಯುವ ಸ್ಥಳದ, ಜಪ್ತಿಯ ವರದಿ) ಮಾಲಿನ ಬೆಲೆ ಕಟ್ಟುವ ಸಾಲು ಕಾಗದ ತುಂಬಿಸುವ ಸಾಲಲ್ಲ.

ಅಡ್ಡ ಬಂದ ಕಂದಾಯ ನಿರೀಕ್ಷಕರ ಮೇಲೆ ಕೈ ಮಾಡಿದರೆ ಏನು? ಮರಳು ಒಯ್ಯುವ ಸಲುವಾಗಿಯೇ ಹೊಡೆದಿದ್ದರೆ ಕಳವು ಸುಲಿಗೆಯಾಗುತ್ತದೆ, 10 ವರ್ಷದವರೆಗೆ ಕಠಿಣ ಸೆರೆ. ಅದೇ ಸುಲಿಗೆಯಲ್ಲಿ ಐದು ಅಥವಾ ಹೆಚ್ಚು ಜನ ಒಟ್ಟಾಗಿದ್ದರೆ ಡಕಾಯಿತಿ, ಜೀವಾವಧಿವರೆಗೆ. ಮಾಲು ಬಿಟ್ಟು ಓಡುವಾಗ ತಪ್ಪಿಸಿಕೊಳ್ಳಲಷ್ಟೇ ಕಲ್ಲು ಬೀಸಿದ್ದರೆ ಸುಲಿಗೆಯ ಆರೋಪ ನಿಲ್ಲುವುದು ಕಷ್ಟ. ಹಲ್ಲೆಗೆ ಮತ್ತು ಸರ್ಕಾರಿ ನೌಕರರಿಗೆ ಅಡ್ಡಿಪಡಿಸಿದ್ದಕ್ಕೆ ಬೇರೆ ಕಲಂಗಳಿವೆ.

ಇದಿಷ್ಟೂ ಒಂದು ಕಾನೂನು. ಎರಡನೆಯದು 1957ರ ಗಣಿ ಮತ್ತು ಖನಿಜ ಕಾಯ್ದೆ. ಸಂಡೂರಿನ ಕಬ್ಬಿಣದ ಅದಿರು ಪ್ರಮುಖ ಖನಿಜ, ಮರಳು ಉಪಖನಿಜ. ಪರವಾನಗಿಯಿಲ್ಲದೆ ತೆಗೆಯುವುದಷ್ಟೇ ಅಲ್ಲ, ಸಾಗಿಸುವುದೂ ಕೂಡಿಡುವುದೂ ಇಲ್ಲಿ ತಪ್ಪು. ಕಲಂ 21ರಡಿ 5 ವರ್ಷದವರೆಗೆ ಸೆರೆ, ಹೆಕ್ಟೇರಿಗೆ 5 ಲಕ್ಷ ರೂಪಾಯಿವರೆಗೆ ದಂಡ. ತೊಡಕಿರುವುದು ಕಲಂ 22ರಲ್ಲಿ: ಅಧಿಕಾರ ಪಡೆದ ಅಧಿಕಾರಿ ಲಿಖಿತ ದೂರು ಸಲ್ಲಿಸದಿದ್ದರೆ ಕೋರ್ಟು ಈ ಅಪರಾಧವನ್ನು ಗಣನೆಗೆ ತೆಗೆದುಕೊಳ್ಳುವಂತಿಲ್ಲ. ಪೊಲೀಸರ ದೋಷಾರೋಪ ಪಟ್ಟಿಯೊಂದನ್ನೇ ನಂಬಿದ ಗಣಿ ಕಾಯ್ದೆಯ ಆರೋಪ ಹೈಕೋರ್ಟಿನಲ್ಲಿ ಬಿದ್ದುಹೋಗುವುದು ಈ ಕಾರಣಕ್ಕೆ. ಬಳ್ಳಾರಿ, ಕೊಪ್ಪಳದ ಕೇಸಾದರೆ ಧಾರವಾಡ ಪೀಠ, ರಾಯಚೂರಿನದಾದರೆ ಕಲಬುರಗಿ ಪೀಠ. ಕಳವಿನ ಆರೋಪಕ್ಕೆ ಈ ತಡೆಯಿಲ್ಲ, ಎರಡೂ ಬೇರೆ ಬೇರೆ ಅಪರಾಧ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಸ್ಪಷ್ಟಪಡಿಸಿತು. ಇಲಾಖೆಗೆ ದಂಡ ಕಟ್ಟಿ ರಾಜಿಯಾದರೆ ಗಣಿ ಕಾಯ್ದೆಯ ಪ್ರಕರಣ ಮುಗಿಯುತ್ತದೆ, ಕಳವಿನದು ಮುಗಿಯುವುದಿಲ್ಲ ಎಂದು 2020ರಲ್ಲಿ ಹೇಳಿತು.

ಇನ್ನು ಕೇಸು ಸೋಲುವ ಬಗೆ. ಟ್ರೇಲರ್‌ನಲ್ಲಿದ್ದ ಮರಳನ್ನು ಅಳೆಯದೆ ‘ಒಂದು ಲೋಡ್’ ಎಂದು ಬರೆದಿರುತ್ತಾರೆ. ಎತ್ತಿದ ಜಾಗದ ಸರ್ವೆ ನಂಬರಾಗಲಿ ನಕಾಶೆಯಾಗಲಿ ಇರುವುದಿಲ್ಲ. ಆಗ ಅದು ನದಿಯ ಮರಳೋ, ಯಾರದೋ ಪಟ್ಟಾ ಜಮೀನಿನದೋ ಎಂಬ ಪ್ರಶ್ನೆ ಎದ್ದು ಸರ್ಕಾರದ ಸ್ವಾಧೀನವೆಂಬ ಅಂಶವೇ ಅಲುಗಾಡುತ್ತದೆ. ಠಾಣೆಗೆ ಕರೆಸಿ ಸಹಿ ಹಾಕಿಸಿಕೊಂಡ ಪಂಚರು, ಅಂದರೆ ಪಂಚನಾಮೆಯ ಸಾಕ್ಷಿಗಳು, ಸಾಕ್ಷಿಕಟ್ಟೆಯಲ್ಲಿ ‘ಜಾಗ ನೋಡಿಲ್ಲ’ ಎಂದುಬಿಡುತ್ತಾರೆ. ಜಪ್ತಿಯನ್ನು ಆಡಿಯೋ–ವಿಡಿಯೋದಲ್ಲಿ ದಾಖಲಿಸಬೇಕೆಂದು ತನಿಖೆ, ವಿಚಾರಣೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 105 ಹೇಳುತ್ತದೆ. ಮೊಬೈಲ್ ಇದ್ದರೆ ಸಾಕು, ಆದರೂ ಅದು ಬಿಟ್ಟುಹೋದರೆ ಆರೋಪಿಯ ವಕೀಲರ ಮೊದಲ ಪ್ರಶ್ನೆ ಅಲ್ಲಿಂದಲೇ. ದಿನಾಂಕವನ್ನೂ ನೋಡಿಕೊಳ್ಳಬೇಕು: ಹೊಸ ಸಂಹಿತೆಗಳು ಜಾರಿಗೆ ಬಂದದ್ದು 2024ರ ಜುಲೈ 1ರಂದು. ಅದರ ಹಿಂದಿನ ದಿನ ಎತ್ತಿದ ಮರಳಿಗೆ, ವಿಚಾರಣೆ ಎಂದೇ ನಡೆಯಲಿ, 305ರ 7 ವರ್ಷ ಅನ್ವಯಿಸದು. ಕೃತ್ಯ ನಡೆದಾಗ ಇದ್ದ ಶಿಕ್ಷೆಗಿಂತ ಹೆಚ್ಚಿನದನ್ನು ವಿಧಿಸಲು ಸಂವಿಧಾನದ 20(1)ನೇ ವಿಧಿ ಬಿಡುವುದಿಲ್ಲ.